ಕಾಡಿನ ಗರ್ಭಗುಡಿಗೆ ಟಿಕೆಟ್ಟು

ವಿಜಯದಶಮಿಯ ದಿನ ಚಾಮುಂಡಿಬೆಟ್ಟದಿಂದ ಇಳಿದು ಬಂದ ತಾಯಿ ಆನೆಯ ಮೇಲೆ ಕೂರುತ್ತಾಳೆ. 750 ಕೆ.ಜಿ. ತೂಕದ ಅಂಬಾರಿ. ಒಂದು ಕಾಲಕ್ಕೆ ಅದರಲ್ಲಿ ರಾಜನೇ ಕೂರುತ್ತಿದ್ದ. 1970ರ ದಶಕದಲ್ಲಿ ರಾಜ ಇಳಿದ, ತಾಯಿ ಹತ್ತಿದಳು. ಮುಖ್ಯಮಂತ್ರಿಗಳು ಹೂವು ಹಾಕುತ್ತಾರೆ, ಫಿರಂಗಿ ಹಾರುತ್ತದೆ, ಕ್ಯಾಮರಾಗಳೆಲ್ಲ ಚಿನ್ನದ ಕಡೆ ತಿರುಗುತ್ತವೆ. ಆ ಚಿನ್ನದ ಮುಂದೆ, ಆನೆಯ ಕತ್ತಿನ ಮೇಲೆ, ಎರಡು ಕಾಲು ಇಳಿಬಿಟ್ಟು ಕೂತಿರುವ ಮನುಷ್ಯ ಯಾರು? ಅವನ ಹಾಡಿ ಯಾವುದು? ಅವನಿಗೆ ತನ್ನದು ಅಂತ ಒಂದು ಗುಂಟೆ ನೆಲ ಐತಾ, ಇಲ್ವಾ? ಇದನ್ನು ಕೇಳಿದ ಒಬ್ಬ ವೀಕ್ಷಕ ವಿವರಣೆಗಾರನೂ ನಮ್ಮ ಕಿವಿಗೆ ಬಿದ್ದಿಲ್ಲ.

ನಾವೇ ಹೇಳ್ತೀವಿ. ಅವನು ಮಾವುತ. ಅವನ ಜೊತೆಯಾಳು ಕಾವಾಡಿ. ಇವರಲ್ಲಿ ಕೆಲವರು ಮುಸಲ್ಮಾನರು, ಬಹುಪಾಲು ಜೇನುಕುರುಬರು. ಮತ್ತಿಗೋಡು, ಬಳ್ಳೆ, ದುಬಾರೆ ಮುಂತಾದ ಆನೆಶಿಬಿರಗಳಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಸರೆಗೆ ವಾರಗಟ್ಟಲೆ ಮುಂಚೆಯೇ ಬಂದು ಅರಮನೆ ಆವರಣದ ಶೆಡ್ಡುಗಳಲ್ಲಿ ಇರುತ್ತಾರೆ. ಅವರ ಮಕ್ಕಳಿಗೆ ಅಲ್ಲೇ ಟೆಂಟಿನಲ್ಲಿ ಶಾಲೆ. ಮಂತ್ರಿಗಳು ಬಂದು ಒಂದು ಹೊತ್ತು ತಿಂಡಿ ಬಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹಬ್ಬ ಮುಗಿದ ಮೇಲೆ ಆನೆ ಹತ್ತಿದ ಲಾರಿಯ ಹಿಂದೆ ಇವರದ್ದೂ ಲಾರಿ. ಎಂಟು ಸಲ ಅಂಬಾರಿ ಹೊತ್ತ ಬಳ್ಳೆಯ ಅರ್ಜುನನನ್ನು ಮುದಿವಯಸ್ಸಿನಲ್ಲಿ ಕಾಡಾನೆ ಹಿಡಿಯಲು ಕರೆದೊಯ್ದು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಸಾಯಿಸಿಕೊಂಡು ಬಂದಾಗ ಇಡೀ ನಾಡು ಅತ್ತಿತು. ಸರ್ಕಾರ ಸ್ಮಾರಕ ಕಟ್ಟುತ್ತೇವೆಂದಿತು. ಅಳಬೇಕಾದದ್ದೇ, ನಾವೂ ಅತ್ತೆವು. ಆದರೆ ಆ ಆನೆಯ ಮೈ ತೊಳೆದವರ ಜನವನ್ನು ಅದೇ ಕಾಡಿನಿಂದ ಗಂಟುಮೂಟೆ ಸಮೇತ ಹೊರಗೆ ಹಾಕಿದಾಗ ಈ ಊರಿನ ಒಂದು ಕಣ್ಣೂ ಒದ್ದೆಯಾಗಲಿಲ್ಲವಲ್ಲ?

ಹೊರಗೆ ಹಾಕಿದ್ದು ಯಾಕೆ? ಕಾಡು ಉಳಿಯಲಿ ಅಂತ. ಹಾಗಾದರೆ ಆ ಕಾಡಿನೊಳಗೆ ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಜೀಪಿನ ಮೇಲೆ ಜೀಪು ಹೋಗೋದು ಯಾತಕ್ಕೆ ಸ್ವಾಮೀ? ಅದು ಸಫಾರಿ. ಅದು ಪರಿಸರ ಪ್ರವಾಸೋದ್ಯಮ. ಒಂದು ರಾತ್ರಿಯ ಬಾಡಿಗೆಯೇ ನಮ್ಮ ಕೂಲಿಯಾಳಿನ ತಿಂಗಳ ದುಡಿಮೆಯನ್ನು ನುಂಗುವಂಥ ಲಾಡ್ಜುಗಳಲ್ಲಿ ಮಲಗೆದ್ದು ಬರುವವರು ಹುಲಿ ನೋಡಲು ಹೋಗುವುದು. ನಮ್ಮ ತಕರಾರು ಇರೋದು ಇಲ್ಲೇ.

ಈ ಲಾಡ್ಜುಗಳ ವಂಶವೃಕ್ಷ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಚಾಮುಂಡಿಬೆಟ್ಟದ ಮೇಲೆ ನಿಂತರೆ ಸಾಕು. ಕೆಳಗೆ ಬೆಳ್ಳಗೆ ಹೊಳೆಯುವ ಲಲಿತಮಹಲು 1921ರಲ್ಲಿ ವೈಸರಾಯ್ ದೊರೆ ಬಂದರೆ ತಂಗಲಿಕ್ಕೆ ಅಂತ ಎದ್ದದ್ದು. 1974ರಲ್ಲಿ ಅದು ಹೋಟೆಲಾಯಿತು. ಬೆಟ್ಟದ ಮೇಲಿನ ರಾಜೇಂದ್ರ ವಿಲಾಸವೂ ಒಂದು ಕಾಲಕ್ಕೆ ಹೋಟೆಲಾಗಿತ್ತು. 2018ರಲ್ಲಿ ಲಲಿತಮಹಲು ರಾಜ್ಯ ಸರ್ಕಾರಕ್ಕೆ ಬಂದಾಗ ನಡೆಸಲು ಕೊಟ್ಟದ್ದು ಯಾರಿಗೆ? ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸಿಗೆ. 1980ರಲ್ಲಿ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಎಂಬ ಸಫಾರಿ ಕಂಪನಿಯ ಜೊತೆಗೂಡಿ ಹುಟ್ಟಿಸಿದ ಕಂಪನಿ ಅದು. ಅದರ ಮೊದಲ ಕೂಸು ಎಚ್.ಡಿ. ಕೋಟೆ ತಾಲ್ಲೂಕು ಕಾರಾಪುರದ ಕಬಿನಿ ರಿವರ್ ಲಾಡ್ಜು. ಅದು ಹಿಂದೆ ಏನಾಗಿತ್ತು? ಮಹಾರಾಜರ ಶಿಕಾರಿ ಬಂಗಲೆ. ದೊರೆಗೆ ಕಟ್ಟಿದ ಮನೆಯಲ್ಲಿ ದುಡ್ಡಿದ್ದವನು ಮಲಗುತ್ತಾನೆ. ನಡುವೆ ಸ್ವಾತಂತ್ರ್ಯ ಬಂತು, ಗಣರಾಜ್ಯ ಆಯಿತು, ರಾಜಧನ ರದ್ದಾಯಿತು, ಉಳುವವನಿಗೆ ಭೂಮಿ ಅಂತ ಕಾನೂನೂ ಆಯಿತು. ಮಂಚ ಮಾತ್ರ ಅದೇ ಮಂಚ.

ಶಿಕಾರಿಯ ಕತೆ ಸ್ವಲ್ಪ ಹೇಳಲೇಬೇಕು. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಶುರು ಮಾಡಿದ. ಮುಂದೆ ಕಬಿನಿ ದಂಡೆಯ ಕಾಕನಕೋಟೆ ಅದಕ್ಕೆ ಹೆಸರಾಯಿತು. ಬ್ರಿಟಿಷ್ ರಾಜಕುಮಾರ ಬಂದರೆ ಖೆಡ್ಡಾ, ವೈಸರಾಯ್ ಬಂದರೆ ಖೆಡ್ಡಾ. ಆನೆ ಹಿಂಡನ್ನು ಕಾಡಿನಿಂದ ಎಬ್ಬಿಸಿ, ಹೊಳೆ ದಾಟಿಸಿ, ಮರದ ದಿಮ್ಮಿಯ ದೊಡ್ಡಿಗೆ ನೂಕುವುದು. ದೊರೆಸಾನಿಯರು ಅಟ್ಟಣೆಯ ಮೇಲೆ ಕೂತು ನೋಡುವುದು. ಆನೆಯ ಜಾಡು ಹಿಡಿದವರು, ತಮಟೆ ಬಾರಿಸಿ ಪಂಜು ಹಿಡಿದು ಬೊಬ್ಬೆ ಹೊಡೆದವರು, ಹೊಳೆಗಿಳಿದವರು, ದಂತಕ್ಕೆ ಕಾಲಿಗೆ ಸಿಕ್ಕಿ ಸತ್ತವರು ಯಾರೆಂದು ಬಿಡಿಸಿ ಹೇಳಬೇಕೆ? ಜೇನುಕುರುಬರಿಲ್ಲದೆ, ಕಾಡುಕುರುಬರಿಲ್ಲದೆ ಒಂದು ಖೆಡ್ಡಾವೂ ಆಗಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿಗೆ ಅಣೆಕಟ್ಟು ಬಿತ್ತು, 1974ರಲ್ಲಿ ಕೆಲಸ ಮುಗಿಯಿತು. ಊರುಗಳು ಮುಳುಗಿದವು, ಹೊಲಗದ್ದೆ ಮುಳುಗಿದವು, ಕಾಡು ಮುಳುಗಿತು, ಕಾಕನಕೋಟೆಯ ಖೆಡ್ಡಾ ಜಾಗವೂ ಮುಳುಗಿತು. (ಪೇಟೆಯವರಿಗೆ ಕಾಕನಕೋಟೆ ಅಂದರೆ ಮಾಸ್ತಿಯವರ ನಾಟಕ, ಇಲ್ಲವೇ 1977ರ ಸಿನಿಮಾ. ಸಂತೋಷ. ಕಾಕನ ಜನ ಈಗ ಎಲ್ಲಿ ಮಲಗುತ್ತಾರೆ ಅಂತ ಕೇಳುವ ನಾಟಕ ಇನ್ನೂ ಬಂದಿಲ್ಲ.)

ಈಗ ನೋಡಿ ಚೋದ್ಯ. ಬೇಸಿಗೆಯಲ್ಲಿ ಆ ಹಿನ್ನೀರು ಇಳಿಯುತ್ತದೆ. ಇಳಿದ ಕಡೆ ಎಳೆಹುಲ್ಲು ಚಿಗುರುತ್ತದೆ. ಹುಲ್ಲಿಗೆ ಆನೆ ಹಿಂಡುಹಿಂಡಾಗಿ ಬರುತ್ತದೆ. ಲಾಡ್ಜಿನವರು ಜಗತ್ತಿಗೆಲ್ಲ ಮಾರುವುದು ಇದೇ ನೋಟವನ್ನು. ಅಂದರೆ ಬಡವರ ಹೊಲ ಮುಳುಗಿದ್ದರಿಂದ ಹುಟ್ಟಿದ ಹುಲ್ಲು, ಆ ಹುಲ್ಲಿನಿಂದ ಹುಟ್ಟಿದ ದೃಶ್ಯ, ಆ ದೃಶ್ಯದಿಂದ ಹುಟ್ಟಿದ ಲಾಭ. ದೋಣಿಯಲ್ಲಿ ಕೂತು ಬೈನಾಕ್ಯುಲರ್ ಹಿಡಿದವನ ತಳಕ್ಕೆ ಯಾರದೋ ಒಲೆಗಲ್ಲು ಇದೆ. ಅದನ್ನು ಯಾವ ಗೈಡೂ ತೋರಿಸುವುದಿಲ್ಲ.

ಕಾನೂನಿನ ಮಾತಿಗೆ ಬರೋಣ. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆ ಬಂತು, ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ನಾಗರಹೊಳೆ ಮೊದಲು ಅಭಯಾರಣ್ಯವಾಯಿತು, ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಮೀಸಲೂ ಆಯಿತು. ಈ ಕಾಗದಪತ್ರಗಳಲ್ಲಿ ಕಾಡಿಗೆ ಎರಡು ಭಾಗ. ಒಳಗಿನದು ಕೋರ್, ಹೊರಗಿನದು ಬಫರ್. ಒಳಗಿನದಕ್ಕೆ ಇಂಗ್ಲಿಷಿನಲ್ಲಿ ಬಳಸುವ ಪದವನ್ನು ಕನ್ನಡಕ್ಕೆ ತಂದರೆ 'ಯಾರೂ ಮುಟ್ಟಬಾರದ್ದು' ಅಂತ ಆಗುತ್ತದೆ.

ಮುಟ್ಟಬಾರದ್ದು! ಈ ಮಾತು ನಮಗೆ ಹೊಸದಲ್ಲ. ಊರಬಾವಿ ಮುಟ್ಟಬಾರದು, ದೇವರ ಹೊಸಲು ಮುಟ್ಟಬಾರದು, ಹೋಟೆಲಿನ ಲೋಟ ಮುಟ್ಟಬಾರದು ಅಂತ ಕೇಳಿ ಕೇಳಿ ನಮ್ಮ ಕಿವಿ ತಮ್ಮಟವಾಗಿದೆ. ಕೋರ್ ಅಂದರೆ ಗರ್ಭಗುಡಿ ಕಣ್ರೀ. ಬಫರ್ ಅಂದರೆ ಪ್ರಾಕಾರ. ಅರಣ್ಯ ಇಲಾಖೆ ಅಂದರೆ ಪೂಜಾರಿ. ಗುಡಿಗೆ ಕಲ್ಲು ಹೊತ್ತವನು ಆಚೆ ನಿಲ್ಲಬೇಕು, ದುಡ್ಡು ಕೊಟ್ಟವನಿಗೆ ವಿಶೇಷ ದರ್ಶನದ ಸಾಲು. ಬೆಟ್ಟದ ಮೇಲೆ ಆ ಸಾಲು ಎಲ್ಲರಿಗೂ ಗೊತ್ತು. ಕಾಡಿನಲ್ಲಿ ಅದರ ಹೆಸರು ಸಫಾರಿ. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹುಲಿ ಮೀಸಲುಗಳ ಕೋರ್ ಭಾಗದಲ್ಲಿ ಪ್ರವಾಸೋದ್ಯಮವನ್ನೇ ತಡೆಹಿಡಿಯಿತು. ಮೂರು ತಿಂಗಳು ತಡೆದೀತೆ? ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿ ಬಂತು, ಕೋರ್‌ನ ಶೇಕಡಾ 20ರವರೆಗೆ ಪ್ರವಾಸಕ್ಕೆ ಬಿಡಬಹುದು ಅಂತ. ಗರ್ಭಗುಡಿಯಲ್ಲಿ ಐದನೇ ಒಂದು ಪಾಲು ಜೀಪಿಗೆ! ಅಲ್ಲೇ ಹುಟ್ಟಿ, ಅಲ್ಲೇ ಜೇನು ಇಳಿಸಿ, ಅಲ್ಲೇ ಹಿರಿಯರನ್ನು ಮಣ್ಣು ಮಾಡಿದವನಿಗೆ ಎಷ್ಟು ಪಾಲು?

ಮೋಸ ಇನ್ನೂ ಆಳದಲ್ಲಿದೆ. 2006ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿ ತಂದು ಕೋರ್ ಮುಟ್ಟಬಾರದ್ದೆಂದು ಬರೆದರಲ್ಲ, ಆ ವಾಕ್ಯದಲ್ಲೇ ಪರಿಶಿಷ್ಟ ಬುಡಕಟ್ಟುಗಳ ಮತ್ತು ಇತರ ಅರಣ್ಯವಾಸಿಗಳ ಹಕ್ಕಿಗೆ ಧಕ್ಕೆಯಾಗದಂತೆ ಅಂತಲೂ ಬರೆದಿದೆ. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯೂ ಆಯಿತು. ವಾಕ್ಯದ ಮೊದಲ ತುಂಡನ್ನು ಬೋರ್ಡು ಬರೆಸಿ ಗೇಟಿಗೆ ನೇತುಹಾಕಿದರು. ಎರಡನೇ ತುಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಶಾಸ್ತ್ರ ಓದುವವರು ನಮಗೆ ಶತಮಾನಗಳಿಂದ ಮಾಡಿದ್ದೂ ಇದನ್ನೇ ಅಲ್ಲವೆ, ಬೇಕಾದ ಶ್ಲೋಕ ಮಾತ್ರ ಗಟ್ಟಿಯಾಗಿ ಓದೋದು.

ಹೊರಗೆ ಹಾಕಿದವರ ಲೆಕ್ಕ ನಮ್ಮ ಬಾಯಿಂದ ಬೇಡ. ಹೈಕೋರ್ಟಿನ ಆದೇಶದಂತೆ ರಚನೆಯಾದ, ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿದೆ: ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳು 3,418. ತಲೆ ಅಲ್ಲ, ಕುಟುಂಬ. ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ಮನೆ, ಜಮೀನು ಅಂತ ಸಿಕ್ಕಿತು. ಉಳಿದವರು ಕಾಡಂಚಿಗೆ ಬಿದ್ದರು, ಕೊಡಗಿನ ಕಾಫಿ ತೋಟದ ಲೈನುಮನೆಗಳಿಗೆ ಬಿದ್ದರು. ಮುಂಗಡ ತಗೊಂಡು ತೀರಿಸಲಾರದೆ ತೋಟದಲ್ಲೇ ಕೊಳೆತವರ ಕತೆ ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ.

ಇತ್ತ ಕಬಿನಿ ದಂಡೆಯ ಒಂದು ಐಷಾರಾಮಿ ರೆಸಾರ್ಟು ತನ್ನ ಗುಡಿಸಲುಗಳನ್ನು ಕಾಡುಕುರುಬರ ಹಾಡಿಯ ಮಾದರಿಯಲ್ಲೇ ಕಟ್ಟಿದ್ದೇವೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಮೇಲೆ ಹುಲ್ಲಿನ ಚಾವಣಿ, ಒಳಗೆ ಪ್ರತಿ ಗುಡಿಸಲಿಗೂ ಈಜುಕೊಳವೋ ಬಿಸಿನೀರ ತೊಟ್ಟಿಯೋ. ಹಾಡಿಯವನು ತನ್ನ ಸೋರುವ ಹುಲ್ಲುಮನೆಗೆ ಹೆಂಚು ಹಾಕಬೇಕೆಂದರೆ, ಕರೆಂಟಿನ ಒಂದು ತಂತಿ ಎಳೆಸಬೇಕೆಂದರೆ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ. ಅವನ ಗುಡಿಸಲಿನ ನಕಲಿಗೆ ಏರ್‌ಕಂಡೀಷನ್ ಹಾಕಲು ಏನೂ ಅಡ್ಡ ಬರುವುದಿಲ್ಲ. ಸಾಯಂಕಾಲ ಬೆಂಕಿ ಹಾಕಿ ಬುಡಕಟ್ಟು ಕುಣಿತ ಏರ್ಪಡಿಸುವ ಲಾಡ್ಜುಗಳೂ ಇವೆ. ಹಾಡು ಬೇಕು, ಹಾಡಿ ಬೇಡ.

ಈ ಬೆಟ್ಟದ ಮಹಿಷನ ಗತಿಯೂ ಇದೇ. ಒಂದು ಕೈಲಿ ಕತ್ತಿ, ಒಂದು ಕೈಲಿ ಹಾವು ಹಿಡಿದು ಬಣ್ಣ ಬಳಿಸಿಕೊಂಡು ನಿಂತಿದ್ದಾನೆ. ಈ ಊರಿಗೆ ಹೆಸರು ಕೊಟ್ಟವನೇ ಅವನು. ಬಂದವರೆಲ್ಲ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನು ನಮ್ಮ ಹಿರೀಕ, ಅವನಿಗೂ ಒಂದು ಹೂವು ಹಾಕುತ್ತೇವೆ ಅಂತ ಮಹಿಷ ದಸರೆ ಮಾಡಹೊರಟವರಿಗೆ ನಿಷೇಧಾಜ್ಞೆಯ ಕಾಗದ ಬಂದಿದೆ. ಫೋಟೋಗೆ ಬೇಕು, ಊರಿಗೆ ಬೇಡ ಅನ್ನೋ ಈ ಚಾಳಿ ಬೆಟ್ಟದಿಂದ ಕಬಿನಿಗೆ ಇಳಿದು ಹೋಗಿದೆಯೋ, ಕಬಿನಿಯಿಂದ ಇಲ್ಲಿಗೆ ಹತ್ತಿದೆಯೋ!

ಆದಿವಾಸಿಗಳು ಬಾಯಿ ಮುಚ್ಕಂಡು ಕೂತಿದ್ದರು ಅಂತ ಯಾರೂ ತಿಳಿಯಬಾರದು. 1990ರ ದಶಕದಲ್ಲಿ ನಾಗರಹೊಳೆಯ ಒಳಗೇ, ಮೂರ್ಕಲ್ಲಿನಲ್ಲಿ, ಅರಣ್ಯ ಇಲಾಖೆಯ ಕಟ್ಟಡಗಳನ್ನು ತಾಜ್ ಗುಂಪಿನ ಗೇಟ್‌ವೇ ಹೋಟೆಲ್ಸಿಗೆ ಸರ್ಕಾರ ಗುತ್ತಿಗೆಗೆ ಕೊಟ್ಟಿತು. ಸೌದೆ ಆಯಲು ಹೋದ ಮುದುಕಿಯನ್ನು ಹಿಡಿಯುವ ಕಾಡಿನಲ್ಲಿ ಪಂಚತಾರಾ ಲಾಡ್ಜು! ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯವರು ಬೀದಿಗಿಳಿದರು, ಕಾಡಿನ ದಾರಿಗೆ ಅಡ್ಡ ಕೂತರು, ಹೈಕೋರ್ಟಿಗೂ ಹೋದರು. ಕೇಂದ್ರದ ಪೂರ್ವಾನುಮತಿ ಇಲ್ಲದೆ ಕೊಟ್ಟ ಈ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧ ಎಂದು 1997ರಲ್ಲಿ ತೀರ್ಪು ಬಂತು. ಟಾಟಾ ಕಂಪನಿಯನ್ನು ಕಾಡಿನಿಂದ ಹೊರಕ್ಕೆ ಕಳಿಸಿದ್ದು ಹುಲಿತಜ್ಞರ ಸೆಮಿನಾರಲ್ಲ, ಗೆಣಸು ತಿಂದು ಬದುಕುವ ಜನ. ಮರುವರ್ಷವೇ, 1998ರಲ್ಲಿ, ವಿಶ್ವಬ್ಯಾಂಕಿನ ದುಡ್ಡಿನ ಪರಿಸರಾಭಿವೃದ್ಧಿ ಯೋಜನೆಯ ಮೇಲೂ ಇದೇ ಕಾಡಿನ ಆದಿವಾಸಿಗಳ ದೂರು ವಾಷಿಂಗ್ಟನ್‌ಗೆ ಹೋಯಿತು. ಈ ಜನರನ್ನು ಸರಿಯಾಗಿ ಕೇಳದೆ ಯೋಜನೆ ಮಾಡಿದ್ದೀರಿ ಎಂದು ಬ್ಯಾಂಕಿನ ಸ್ವಂತ ತಪಾಸಣಾ ಮಂಡಳಿಯೇ ಹೇಳಬೇಕಾಯಿತು. ಆದರೆ ಗೆದ್ದದ್ದು ಏನು? ಮೂರ್ಕಲ್ಲಿನ ಲಾಡ್ಜು ನಿಂತಿತು. ಹಾಡಿ ವಾಪಸು ಬರಲಿಲ್ಲ. ಲಾಡ್ಜುಗಳು ಒಳಗಿನಿಂದ ಅಂಚಿಗೆ ಸರಿದು ಕಬಿನಿ ಸುತ್ತ ಅಣಬೆಯ ಹಾಗೆ ಎದ್ದವು.

ಇಷ್ಟು ಹೇಳಿದರೆ ಎರಡು ಮಾತು ತಿರುಗಿ ಬರುತ್ತದೆ. ಮೊದಲನೆಯದು, ಜನ ಇದ್ದರೆ ಹುಲಿ ಉಳಿಯಲ್ಲ ಅಂತ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲಾಯಿತು. ಮೀಸಲು ಮಾಡುವಷ್ಟು ಹುಲಿ ಅಲ್ಲಿದ್ದದ್ದು ಸೋಲಿಗರು ಕಾಡಿನ ನಡುವೆ ಬಾಳುತ್ತಿದ್ದಾಗಲೇ ಅಲ್ಲವೆ? ಅದೇ ವರ್ಷ ಆ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು, ದೇಶದ ಹುಲಿ ಮೀಸಲೊಂದರಲ್ಲಿ ಅದೇ ಮೊದಲು. ಹುಲಿಗೆ ಗುಂಡು ಹೊಡೆದು, ಕಾಲಡಿ ಹಾಕಿಕೊಂಡು ಫೋಟೋ ತೆಗೆಸಿ, ಚರ್ಮ ಅರಮನೆಯ ಗೋಡೆಗೆ ಹೊಡೆಸಿದವರು ಸೋಲಿಗರೇ, ಜೇನುಕುರುಬರೇ? ಕೊಂದವರ ಬಂಗಲೆ ಲಾಡ್ಜಾಯಿತು, ಜೊತೆಗೆ ಬದುಕಿದವರ ಗುಡಿಸಲು ಅತಿಕ್ರಮಣವಾಯಿತು.

ಎರಡನೆಯದು, ಲಾಡ್ಜಿನಿಂದ ಕೆಲಸ ಸಿಗುತ್ತದೆ ಅನ್ನೋದು. ಸಿಗುತ್ತದೆ, ಇಲ್ಲ ಅನ್ನಲ್ಲ. ನಮ್ಮ ಕೇರಿಯ ಹುಡುಗರೇ ಅಲ್ಲಿ ತಟ್ಟೆ ತೊಳೀತಾರೆ, ಹಾಸಿಗೆ ಹಾಸ್ತಾರೆ, ಜೀಪಿನ ಕೆಸರು ಒರೆಸ್ತಾರೆ. ಅವರ ಅನ್ನಕ್ಕೆ ಕಲ್ಲು ಹಾಕೋದು ನಮ್ಮ ಕೆಲಸವಲ್ಲ. ಆದರೆ ಕೂಲಿ ಬೇರೆ, ಹಕ್ಕು ಬೇರೆ. ಗೌಡರ ಮನೆಯ ಜೀತದಲ್ಲೂ ಹೊಟ್ಟೆಗೆ ಹಿಟ್ಟು ಸಿಗುತ್ತಿತ್ತು. 2025ರ ಕೊನೆಯಲ್ಲಿ ಸರಗೂರು ಸೀಮೆಯಲ್ಲಿ ಹುಲಿ ರೈತರನ್ನು ಕೊಂದಾಗ, ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರದ ಸಫಾರಿಗಳನ್ನು ಅರಣ್ಯ ಮಂತ್ರಿ ನಿಲ್ಲಿಸಿದರು. ತಕ್ಷಣ ಬಡವರ ಹೊಟ್ಟೆಪಾಡು ಹೋಯಿತೆಂಬ ಕೂಗೆದ್ದಿತು. 3,418 ಒಲೆಗಳು ಆರಿದಾಗ ಈ ಗಂಟಲುಗಳು ಎಲ್ಲಿದ್ದವು? ಹುಲಿಯ ಬಾಯಿಗೆ ಸಿಕ್ಕವನು ದನ ಕಾಯುವವನು, ಹೊಲ ಕಾಯುವವನು. ಲಾಡ್ಜಿನ ಅತಿಥಿಯ ಮೈಮೇಲೆ ಒಂದು ಗೀರೂ ಬೀಳಲಿಲ್ಲ.

ಈ 'ಸಫಾರಿ' ಎಂಬ ಪದ ಬಂದದ್ದು ಆಫ್ರಿಕದಿಂದ. ಸ್ವಾಹಿಲಿಯಲ್ಲಿ ಹಾಗೆಂದರೆ ಪ್ರಯಾಣ, ಅಷ್ಟೇ. ಅದರ ಬೇರು ಅರಬ್ಬಿಯ ಸಫರ್, ನಮ್ಮ ಮಂಡಿ ಮೊಹಲ್ಲಾದ ಸಾಬರ ಬಾಯಲ್ಲಿರುವ ಅದೇ ಮಾತು. ಬಿಳಿಯರ ಕೈಗೆ ಸಿಕ್ಕು ಅದು ಶಿಕಾರಿಯಾಯಿತು, ಕರಿಯರ ತಲೆಯ ಮೇಲಿನ ಹೊರೆಯಾಯಿತು. ಈಗ ದಕ್ಷಿಣ ಆಫ್ರಿಕದಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ತಾಗಿಕೊಂಡು ಸಾಬಿ ಸ್ಯಾಂಡ್ ಎಂಬ ಖಾಸಗಿ ಕಾಡೇ ಇದೆ. ಕಾಡಿಗೆ ಮಾಲೀಕರು, ಮಾಲೀಕರಿಗೆ ಲಾಡ್ಜುಗಳು. ಅಲ್ಲಿನ ತೆರೆದ ಜೀಪಿನ ಮೂತಿಯ ಮೇಲೆ, ಹೊರಗಡೆ, ಒಂದು ಒಂಟಿ ಕುರ್ಚಿ ಇರುತ್ತದೆ. ಜಾಡು ಹಿಡಿಯುವ ಶಾಂಗಾನ್ ಬುಡಕಟ್ಟಿನವನು ಕೂರುವುದು ಅದರಲ್ಲಿ. ಸಿಂಹಕ್ಕೆ ಮೊದಲು ಸಿಗುವವನು ಅವನು. ನಮ್ಮ ಮಾವುತ ಆನೆಯ ಕತ್ತಿನ ಮೇಲೆ ಕೂತಂತೆಯೇ. ಕುರ್ಚಿ ಬೇರೆ, ಕಸುಬು ಒಂದೇ.

ಆದರೆ ಅಲ್ಲಿಂದ ಕಲಿಯಬೇಕಾದ್ದೂ ಒಂದಿದೆ, ನಮ್ಮವರು ಲಾಡ್ಜಿನ ನಕಲು ತಂದರು, ಇದನ್ನು ತರಲಿಲ್ಲ. ಕ್ರೂಗರ್‌ನ ಉತ್ತರ ತುದಿಯಲ್ಲಿ ಮಕುಲೆಕೆ ಎಂಬ ಜನ. 1969ರಲ್ಲಿ ವರ್ಣಭೇದದ ಸರ್ಕಾರ ಬಂದೂಕು ತೋರಿಸಿ ಅವರ ಕೈಯಲ್ಲೇ ಅವರ ಗುಡಿಸಲುಗಳಿಗೆ ಬೆಂಕಿ ಇಡಿಸಿ, ಎಬ್ಬಿಸಿ ಓಡಿಸಿತು. ಆ ಸರ್ಕಾರ ಬಿದ್ದ ಮೇಲೆ ಅವರು ನೆಲ ಕೇಳಿದರು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಕಾಡಿನ ಒಡೆತನ ಅವರಿಗೆ ಮರಳಿತು. ಅವರು ಪ್ರಾಣಿಗಳನ್ನು ಓಡಿಸಲಿಲ್ಲ, ಕಾಡು ಕಾಡಾಗಿಯೇ ಇರಲಿ ಎಂದು ಒಪ್ಪಿದರು. ಆದರೆ ಅಲ್ಲಿ ಲಾಡ್ಜು ಕಟ್ಟಬೇಕಾದವನು ಅವರ ಹತ್ತಿರ ಗುತ್ತಿಗೆ ಕೇಳಬೇಕು. ಸಾಬಿ ಸ್ಯಾಂಡ್‌ನ ಮಾಲಾಮಾಲಾ ಎಂಬ ಹೆಸರಾಂತ ಸಫಾರಿ ಕಾಡನ್ನೂ 2013ರಲ್ಲಿ ಸರ್ಕಾರ ಸುಮಾರು ನೂರು ಕೋಟಿ ರ‍್ಯಾಂಡ್ ಕೊಟ್ಟು ಕೊಂಡು, ಅದರ ಮೂಲ ಜನರಿಗೆ ಒಪ್ಪಿಸಿತು. ಆಫ್ರಿಕವೆಲ್ಲ ಹೀಗೇ ಅಂತ ಯಾರೂ ಮರುಳಾಗುವುದು ಬೇಡ. ಟಾಂಜಾನಿಯದ ಲೋಲಿಯೊಂಡೊದಲ್ಲಿ 2022ರ ಜೂನಿನಲ್ಲಿ ವನ್ಯಜೀವಿಯ ಹೆಸರಲ್ಲೇ ಗಡಿಕಲ್ಲು ನೆಡಲು ಬಂದ ಪೊಲೀಸರು ಮಸಾಯಿ ಜನರ ಮೇಲೆ ಗುಂಡು ಹಾರಿಸಿದ್ದಾರೆ. ಆದರೂ ಮಕುಲೆಕೆಯವರು ಒಂದನ್ನು ತೋರಿಸಿಕೊಟ್ಟರು: ಕಾಡೂ ಉಳಿಯಬಹುದು, ಪ್ರಾಣಿಯೂ ಉಳಿಯಬಹುದು, ನೋಡಲು ಬಂದವನು ನೋಡಿಕೊಂಡೂ ಹೋಗಬಹುದು, ಯಜಮಾನ ಮಾತ್ರ ಬದಲಾಗಬೇಕು. ನಾಗರಹೊಳೆಯಲ್ಲಿ ಬದಲಾಗದೆ ಉಳಿದಿರುವುದು ಅದೊಂದೇ.

2025ರ ಮೇ 5ರಂದು ಜೇನುಕುರುಬರ ಐವತ್ತಕ್ಕೂ ಮಿಕ್ಕ ಕುಟುಂಬಗಳು ನಾಗರಹೊಳೆಯ ಒಳಗಿನ ತಮ್ಮ ಹಳೆಯ ಹಾಡಿ ಕರಡಿಕಲ್ಲು ಅತ್ತೂರುಕೊಲ್ಲಿಗೆ ನಡೆದುಕೊಂಡು ವಾಪಸು ಹೋದವು. ಪ್ಲಾಸ್ಟಿಕ್ಕು, ಬಿದಿರು ಕಟ್ಟಿ ಗುಡಿಸಲು ಹಾಕಿದವು. ಕೈಯಲ್ಲಿ ಅರಣ್ಯ ಹಕ್ಕಿನ ಅರ್ಜಿ ಇತ್ತು, ಕಾಡಿನಲ್ಲಿ ಅವರ ದೈವಗಳ ಜಾಗ ಇತ್ತು. ಅವರ ಎದುರಿಗೆ ನಿಂತದ್ದು ಅರಣ್ಯ ಇಲಾಖೆಯವರು, ಪೊಲೀಸರು. ಅತಿಕ್ರಮಣ ಅಂತ ಕರೆದರು. ಅದೇ ಬೇಸಿಗೆಯಲ್ಲಿ ಅದೇ ಕಾಡಿನ ಗೇಟಿನಲ್ಲಿ ಟಿಕೆಟ್ಟು ಹರಿಯುತ್ತಿತ್ತು, ಜೀಪು ಒಳಗೆ ಹೋಗುತ್ತಿತ್ತು.

ನಾವು ಹೊಲಗೇರಿ, ಮಾದಿಗರ ಕೇರಿಯವರು. ಆದಿವಾಸಿಯ ಪಾಡು ನಮ್ಮದಲ್ಲ, ಅವರ ಮಾತು ಆಡುವ ಹಕ್ಕೂ ನಮಗಿಲ್ಲ, ಅವರು ತಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಾರೆ. ಆದರೆ ಹೊಸಲಾಚೆ ನಿಲ್ಲಿಸಿದವರ ಸಂಕಟ ನಮಗೆ ಓದಿ ತಿಳಿದದ್ದಲ್ಲ. ಅದಕ್ಕೇ ನಮ್ಮ ಸಂಘಟನೆಗಳ ಎದುರು ಈ ಬೇಡಿಕೆ ಇಡುತ್ತಿದ್ದೇವೆ. ಕಬಿನಿ, ನಾಗರಹೊಳೆ, ಬಂಡೀಪುರದ ಅಂಚಿನಲ್ಲಿರುವ ಸರ್ಕಾರಿ, ಖಾಸಗಿ ಎಲ್ಲ ಲಾಡ್ಜುಗಳ ನೆಲದ ಕಾಗದವನ್ನೂ ಗುತ್ತಿಗೆಯ ಕರಾರನ್ನೂ ಹಾಡಿಗಳ ಗ್ರಾಮಸಭೆಯ ಮುಂದೆ ತಂದು, ಕನ್ನಡದಲ್ಲಿ, ಗಟ್ಟಿಯಾಗಿ ಓದಬೇಕು. ಸಫಾರಿ ನಡೆಯಬೇಕೋ ಬೇಡವೋ, ಎಷ್ಟು ಜೀಪು, ಯಾವ ದಾರಿ, ಟಿಕೆಟ್ಟಿನ ದುಡ್ಡು ಯಾರಿಗೆ, ಇದೆಲ್ಲ ಆ ಸಭೆಯಲ್ಲಿ ತೀರ್ಮಾನವಾಗಬೇಕು. ಅರಣ್ಯ ಹಕ್ಕಿನ ಅರ್ಜಿ ಇತ್ಯರ್ಥವಾಗುವ ತನಕ ಒಬ್ಬನನ್ನೂ ಎಬ್ಬಿಸಕೂಡದು. ಅಸ್ಸಾದಿ ಸಮಿತಿಯ ವರದಿ ಧೂಳು ಕೊಡವಿಕೊಂಡು ಹೊರಬರಬೇಕು. ದಸರೆಗೆ ಆನೆಗಳು ಅರಮನೆಗೆ ಬರುವ ಮುಂಚೆ ಈ ಬೇಡಿಕೆಯ ಪ್ರತಿ ಜಿಲ್ಲಾಧಿಕಾರಿಯ ಮೇಜಿನ ಮೇಲಿರಬೇಕು. ಊರೂರಿನ ಗೆಳೆಯರು ತಮ್ಮ ಕೇರಿಯಲ್ಲಿ ಸಭೆ ಕರೆದು, ಸಹಿ ಹೆಬ್ಬೆಟ್ಟು ಹಾಕಿಸಿ ಕಳಿಸಿರಿ. ಎಚ್.ಡಿ. ಕೋಟೆ, ಹುಣಸೂರು, ಸರಗೂರಿನವರು ಮೊದಲು.